ಒಂದೇ ಹಳ್ಳದ ನಾಲ್ಕು ಊರುಗಳು ಸೇರಿ ಮಣ್ಣು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಅಮರ್ಜಾ ದಂಡೆ (ಆಳಂದ ತಾಲೂಕು)

ಎಲ್ಲರಿಗೂ ಶರಣು ಶರಣಾರ್ಥಿ.

ನಮ್ಮ ಮನೆತನಕ್ಕೆ ಹನ್ನೊಂದು ಎಕರೆ ಜಮೀನಿದೆ. ಅದರಲ್ಲಿ ಏಳು ಎಕರೆ ಎರೆ (ಕಪ್ಪು ಮಣ್ಣು), ಉಳಿದ ನಾಲ್ಕು ಎಕರೆ ಗರಸು (ಸಣ್ಣ ಕಲ್ಲು) ಬೆರೆತ ಮರಡಿ, ಅಂದರೆ ದಿಬ್ಬದ ತೆಳು ಮಣ್ಣಿನ ನೆಲ. ಮುಂಗಾರಿಗೆ ತೊಗರಿ, ಹೆಸರು, ಉದ್ದು ಬಿತ್ತುತ್ತೇವೆ. ಹಿಂಗಾರಿಗೆ ಬಿಳಿಜೋಳ ಮತ್ತು ಕಡಲೆ. ನಮ್ಮ ಹೊಲದ ಕೆಳಗೆ ಹರಿಯುವ ಹಳ್ಳವು ಗಡಿಯಾಚೆ, ಮಹಾರಾಷ್ಟ್ರದ ಉಮರ್ಗಾ ತಾಲೂಕಿನ ಒಂದು ಊರಿನ ದಿಬ್ಬದ ಮೇಲೆ ಹುಟ್ಟಿ, ನಮ್ಮ ಕಡೆಯ ಮೂರು ಊರುಗಳ ಸೀಮೆಯನ್ನು ದಾಟಿ ಅಮರ್ಜಾ ನದಿಯನ್ನು ಸೇರುತ್ತದೆ.

ಕಳೆದ ಮುಂಗಾರಿನಲ್ಲಿ ಒಂದು ರಾತ್ರಿ ಸುರಿದ ಮಳೆಗೆ ನಮ್ಮ ಮೇಲಿನ ಹೊಲದ ಒಡ್ಡು ಒಡೆಯಿತು. ಆ ನೀರು ನಮ್ಮ ಒಡ್ಡನ್ನು, ನಮ್ಮ ಕೆಳಗಿನ ಮೂರು ಹೊಲಗಳ ಒಡ್ಡುಗಳನ್ನು ಒಂದರ ನಂತರ ಒಂದರಂತೆ ಕಿತ್ತುಕೊಂಡು ಹಳ್ಳಕ್ಕೆ ಬಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಹೊಲದ ನಡುವೆ ಎದೆಯಷ್ಟು ಆಳದ ಕೊರಕಲು ಬಿದ್ದಿತ್ತು. ಅದರ ಅಂಚಿನಲ್ಲಿ ತೊಗರಿ ಗಿಡಗಳು ಅರ್ಧ ಬೇರು ಗಾಳಿಗೆ ಬಿಟ್ಟುಕೊಂಡು ನಿಂತಿದ್ದವು. ಬೇರಿನ ಮೇಲಿನ ಸಣ್ಣ ಸಣ್ಣ ಗಂಟುಗಳು ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವು. ನಮ್ಮ ತಂದೆಯವರು ಆ ಕೊರಕಲಿನಲ್ಲಿ ಇಳಿದು, ಪಕ್ಕದ ಗೋಡೆಯಲ್ಲಿ ಕಪ್ಪು ಮಣ್ಣು ಎಲ್ಲಿ ಮುಗಿದು ಗರಸು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಕೈಯಿಂದ ಅಳೆದು, ಮಾತನಾಡದೆ ಮೇಲೆ ಬಂದರು. ಎರಡೂವರೆ ಗೇಣು ಮಣ್ಣು ಮಾತ್ರ ಉಳಿದಿತ್ತು.

ಪ್ರತಿ ಬೇಸಿಗೆಯಲ್ಲೂ ಪ್ರತಿಯೊಬ್ಬರೂ ತಮ್ಮ ತಮ್ಮ ಒಡ್ಡಿಗೆ ಮಣ್ಣು ಹಾಕಿಸುತ್ತಾರೆ, ಪ್ರತಿ ಮಳೆಗಾಲದಲ್ಲೂ ಅದು ಒಡೆಯುತ್ತದೆ. ಮೇಲಿನ ಹೊಲದವರು ನಮ್ಮ ದೂರದ ಸಂಬಂಧಿಕರೇ. "ನನ್ನ ಹೊಲದಲ್ಲಿ ನೀರು ನಿಂತರೆ ತೊಗರಿ ಸಾಯುತ್ತದೆ, ನಾನು ಒಡ್ಡು ಕಡಿಯದೆ ಏನು ಮಾಡಲಿ?" ಎಂದು ಅವರು ಕೇಳುತ್ತಾರೆ. ಕೆಲವು ವರ್ಷಗಳ ಹಿಂದೆ ಒಂದು ಯೋಜನೆಯಲ್ಲಿ ಹಳ್ಳಕ್ಕೆ ಎರಡು ಚೆಕ್ ಡ್ಯಾಂ ಕಟ್ಟಿಸಿ, ಫೋಟೋ ತೆಗೆದುಕೊಂಡು ಹೋದವರು ಮತ್ತೆ ಈ ಕಡೆ ಬರಲಿಲ್ಲ. ಎರಡೂ ಈಗ ಹೂಳಿನಿಂದ ತುಂಬಿವೆ.

ಹಳ್ಳದ ಮೇಲ್ತುದಿಯಿಂದ ಕೆಳತುದಿಯವರೆಗೆ ನಾಲ್ಕೂ ಊರುಗಳು ಒಂದು ಒಡಂಬಡಿಕೆಗೆ ಬರದೆ ಇದಕ್ಕೆ ಪರಿಹಾರವಿಲ್ಲ ಎಂದು ನನಗೆ ಅನ್ನಿಸುತ್ತದೆ. ಆದರೆ ಎರಡು ರಾಜ್ಯ, ಮೂರು ಗ್ರಾಮ ಪಂಚಾಯಿತಿ, ಎರಡು ಭಾಷೆಯ ಜನರನ್ನು ಒಂದು ಕಡೆ ಕೂರಿಸುವುದು ಹೇಗೆ? ಇದಕ್ಕೆ ಸಂಘ ಕಟ್ಟಬೇಕೇ, ಸಹಕಾರಿ ಮಾಡಬೇಕೇ, ಅಥವಾ ಈಗ ಎಲ್ಲೆಡೆ ಆಗುತ್ತಿರುವ, ರೈತರೇ ಷೇರು ಹಾಕಿ ನಡೆಸುವ ರೈತ ಉತ್ಪಾದಕ ಸಂಸ್ಥೆ ಸಾಕೇ? ಇನ್ನೊಂದು ತೊಡಕೂ ಇದೆ. ನಮ್ಮ ಸೀಮೆಯಲ್ಲಿ ಹಳ್ಳಕ್ಕೆ ತಾಗಿದ 38 ಹೊಲಗಳಲ್ಲಿ 13 ಲಾವಣಿಗೆ, ಅಂದರೆ ಗೇಣಿಗೆ, ಹೋಗಿವೆ. ಒಡೆಯರು ಪುಣೆಯಲ್ಲೋ ಬೆಂಗಳೂರಿನಲ್ಲೋ ಇದ್ದಾರೆ, ಮಾಡುವವರು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಅವರನ್ನು ಬಿಟ್ಟರೆ ಕೆಲಸ ಆಗುವುದಿಲ್ಲ, ಸೇರಿಸಿಕೊಳ್ಳುವ ದಾರಿ ತಿಳಿಯುತ್ತಿಲ್ಲ. ಅನುಭವ ಉಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ಹಳೆಯ ಮಟ್ಟಗೋಲು (ಭಾಲ್ಕಿ)

ಅಣ್ಣನವರೆ, ಶರಣು. ಜಲಾನಯನದ ಕೆಲಸಗಳಲ್ಲಿ ಕ್ಷೇತ್ರ ಸಹಾಯಕನಾಗಿ ದುಡಿದು ನಿವೃತ್ತನಾದವನು ನಾನು. ಮೊದಲೇ ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬಾರದು: ಒಡ್ಡು ಕಡಿಯುವ ನಿಮ್ಮ ಮೇಲಿನ ಹೊಲದವರ ಮಾತಿನಲ್ಲಿ ನ್ಯಾಯವಿದೆ.

ಒಂದು ಎಕರೆಯ ಮೇಲೆ 100 ಮಿ.ಮೀ. ಮಳೆ ಸುರಿದರೆ ಬೀಳುವುದು ನಾಲ್ಕು ಲಕ್ಷ ಲೀಟರ್ ನೀರು. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆ ಮಣ್ಣು ಮೊದಲ ಮಳೆಗಳನ್ನು ಗಟಗಟನೆ ಕುಡಿಯುತ್ತದೆ. ಆದರೆ ಆಗಸ್ಟ್ ಹೊತ್ತಿಗೆ ಅದು ಉಬ್ಬಿ, ಬಿರುಕು ಮುಚ್ಚಿಕೊಂಡು, ನೀರನ್ನು ಒಳಗೆ ಬಿಡುವುದನ್ನು ಬಹುಮಟ್ಟಿಗೆ ನಿಲ್ಲಿಸಿಬಿಡುತ್ತದೆ. ಆಗ ಇಳಿಜಾರಿಗೆ ಅಡ್ಡಲಾಗಿ ಮಟ್ಟಸವಾಗಿ ಹಾಕಿದ ಒಡ್ಡು ನೀರನ್ನು ಹಿಡಿದು ನಿಲ್ಲಿಸುತ್ತದೆ, ತೊಗರಿಯ ಬೇರಿಗೆ ಉಸಿರಾಡಲು ಗಾಳಿ ಸಿಗುವುದಿಲ್ಲ, ವಾರದೊಳಗೆ ಎಲೆ ಹಳದಿಯಾಗುತ್ತದೆ. ಹೀಗಾಗಿ ಇಂಥ ಸಮಪಾತಳಿ ಒಡ್ಡು ಮಸಾರಿಗೂ (ಕೆಂಪು ಮಣ್ಣಿಗೂ) ಮರಡಿಗೂ ಹೊಂದುತ್ತದೆ, ಆಳವಾದ ಎರೆಗೆ ಹೊಂದುವುದಿಲ್ಲ. ಎರೆಗೆ ಬೇಕಾದದ್ದು ಇಳುಕಲು ಒಡ್ಡು. ನೂರು ಮೀಟರ್ ಉದ್ದಕ್ಕೆ 20ರಿಂದ 40 ಸೆಂಟಿಮೀಟರ್ ಇಳಿಜಾರು ಕೊಟ್ಟು ಒಡ್ಡು ಹಾಕಿದರೆ ನೀರು ಓಡದೆ, ನಿಲ್ಲದೆ, ನಿಧಾನವಾಗಿ ಒಂದು ಬದಿಗೆ ನಡೆಯುತ್ತದೆ. ಆ ಬದಿಯಲ್ಲಿ ಕಲ್ಲು ಜೋಡಿಸಿದ ಕೋಡಿ, ಕೋಡಿಯಿಂದ ಹಳ್ಳದವರೆಗೆ ಹುಲ್ಲು ಬೆಳೆಸಿದ ನೀರಿನ ದಾರಿ ಇರಬೇಕು.

ನೀವು ಕೇಳಿದ ಒಡಂಬಡಿಕೆ ಬೇಕಾಗುವುದು ಈ ಕೋಡಿಯ ಜಾಗದಲ್ಲಿಯೇ. ಮೇಲಿನವರ ಕೋಡಿ ಯಾರ ಹೊಲದ ಮೂಲೆಗೆ ಬೀಳಬೇಕು? ನೀರಿನ ದಾರಿಗೆ ಹೋಗುವ ಒಂದೆರಡು ಗುಂಟೆ ಯಾರದ್ದು? ಆ ಎರಡು ಗುಂಟೆಯ ಪೀಕಿನ ನಷ್ಟ ಯಾರು ತುಂಬಿಕೊಡಬೇಕು? ನಾನು ಕಂಡ ಊರುಗಳಲ್ಲಿ ಜಗಳವಾದದ್ದು ಬಹುಪಾಲು ಇದೇ ಕಾರಣಕ್ಕೆ. ದೊಡ್ಡ ದೊಡ್ಡ ಸಭೆಗಳಲ್ಲಿ ಎಲ್ಲರೂ ನೆಲ ಜಲ ಉಳಿಸುವ ಮಾತಿಗೆ ಕೈ ಎತ್ತುತ್ತಾರೆ. ಕೋಡಿ ಎಲ್ಲಿ ಎಂದು ಕೇಳಿದ ಕೂಡಲೇ ಎದ್ದು ಹೋಗುತ್ತಾರೆ. ಆದ್ದರಿಂದ ನಿಮ್ಮ ಒಪ್ಪಂದದ ಮೊದಲ ಪುಟದಲ್ಲಿ ಪ್ರತಿ ಸರ್ವೆ ನಂಬರಿನ ಎದುರಿಗೆ ಅದರ ಕೋಡಿಯ ಜಾಗವನ್ನು ಬರೆಯಿರಿ. ಉಳಿದದ್ದೆಲ್ಲ ಆಮೇಲೆ.

ಮೇ ತಿಂಗಳಲ್ಲಿ ಒಮ್ಮೆ ನಿಮ್ಮ ಒಡ್ಡಿನ ಮೇಲೆ ನಡೆದು ನೋಡಿ. ಬರೀ ಎರೆ ಮಣ್ಣಿನಿಂದ ಹಾಕಿದ ಒಡ್ಡು ಹೊಲದಂತೆಯೇ ಬಿರುಕು ಬಿಟ್ಟಿರುತ್ತದೆ. ನಾನು ತೊಗರಿ ಕಟ್ಟಿಗೆಯೊಂದನ್ನು ಅಂಥ ಬಿರುಕಿನಲ್ಲಿ ಇಳಿಸಿದ್ದೇನೆ, ಮೊಳಕೈ ಉದ್ದದ ಕಟ್ಟಿಗೆ ಪೂರ್ತಿ ಒಳಗೆ ಹೋಯಿತು. ಮೃಗಶಿರಾ ಮಳೆಯ ನೀರು ಆ ಬಿರುಕಿನಲ್ಲಿ ನುಗ್ಗಿ ಒಳಗಿನಿಂದಲೇ ಒಡ್ಡನ್ನು ಕೊರೆಯುತ್ತದೆ, ಒಡೆಯುವುದು ಮಾತ್ರ ಆಗಸ್ಟಿನಲ್ಲಿ. ಬಿತ್ತನೆಗೆ ಮುಂಚೆ ಬಿರುಕುಗಳಿಗೆ ಗರಸು ತುಂಬಿ ತುಳಿಸುವುದು, ಒಡ್ಡಿನ ಮೇಲೆ ಲಾವಂಚ ಅಥವಾ ಸ್ಥಳೀಯ ಹುಲ್ಲು ಹಿಡಿಸುವುದು ಖರ್ಚಿನ ಕೆಲಸವಲ್ಲ. ಆದರೆ ಅದು ಪ್ರತಿ ವರ್ಷ ಆಗಬೇಕು, ಎಲ್ಲರ ಒಡ್ಡಿನಲ್ಲೂ ಒಂದೇ ಸಮಯಕ್ಕೆ ಆಗಬೇಕು.

ಚೆಕ್ ಡ್ಯಾಂ ತುಂಬಿದ್ದರ ಕಾರಣವೂ ಇದೇ. ಕೆಲಸ ದಿಬ್ಬದ ನೆತ್ತಿಯಿಂದ ಆರಂಭವಾಗಿ ಹಳ್ಳಕ್ಕೆ ಇಳಿಯಬೇಕು. ಹಳ್ಳದಲ್ಲಿ ಮೊದಲು ಕಟ್ಟೆ ಕಟ್ಟಿದರೆ ಮೇಲಿನ ಹೊಲಗಳ ಮಣ್ಣು ಬಂದು ಕೂರಲು ಒಂದು ತೊಟ್ಟಿ ಮಾಡಿಕೊಟ್ಟಂತಾಗುತ್ತದೆ. ಒಂದು ಎಕರೆಯಿಂದ ಒಂದೇ ಒಂದು ಮಿಲಿಮೀಟರ್ ಪದರ ಜಾರಿದರೂ ಅದು ನಾಲ್ಕು ಘನ ಮೀಟರ್ ಮಣ್ಣು, ಅಂದರೆ ಸುಮಾರು ಐದು ಟನ್. ಹಳ್ಳಕ್ಕೆ ನೀರು ಕೊಡುವ ಎಕರೆಗಳನ್ನು ಎಣಿಸಿ ಗುಣಿಸಿದರೆ ನಿಮ್ಮ ಎರಡು ಕಟ್ಟೆಗಳು ಎಷ್ಟು ಬೇಗ ತುಂಬಿರಬೇಕು ಎಂಬುದು ತಿಳಿಯುತ್ತದೆ. ಆ ಹೂಳನ್ನು ತೆಗೆಸಿ ಮರಡಿ ಹೊಲಗಳಿಗೆ ಹಾಕಿಸಿಕೊಳ್ಳಿ, ಅದು ನಿಮ್ಮದೇ ಮಣ್ಣು.

ನಕ್ಷೆಗಾಗಿ ಹೊಸದಾಗಿ ಯಾರಿಗೂ ಹಣ ಕೊಡುವ ಮೊದಲು ವಿಚಾರಿಸಿ. ವಿಶ್ವಬ್ಯಾಂಕ್ ನೆರವಿನ ಸುಜಲಾ-3 ಯೋಜನೆಯ ಜಿಲ್ಲೆಗಳಲ್ಲಿ ಬೀದರ್, ಕಲಬುರಗಿ, ಯಾದಗಿರಿ ಮೂರೂ ಇದ್ದವು. ಅದರಲ್ಲಿ ಆಯ್ದ ಕಿರು ಜಲಾನಯನಗಳಿಗೆ ಮಣ್ಣಿನ ಆಳ, ಇಳಿಜಾರು, ಕೊರೆತ, ಯಾವ ಬೆಳೆ ಹೊಂದುತ್ತದೆ ಎಂಬುದನ್ನು ಸರ್ವೆ ನಂಬರಿನ ಮಟ್ಟದಲ್ಲಿ ಗುರುತಿಸಿದ ಭೂ ಸಂಪನ್ಮೂಲ ಸಮೀಕ್ಷೆ ನಡೆದಿದೆ. ನಿಮ್ಮ ಹಳ್ಳ ಅದರಲ್ಲಿ ಸೇರಿದೆಯೇ ಎಂದು ತಾಲೂಕಿನ ಕೃಷಿ ಇಲಾಖೆಯಲ್ಲಿ ಕೇಳಿ. ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದವರನ್ನೂ ರಾಯಚೂರು ಕೃಷಿ ವಿಶ್ವವಿದ್ಯಾಲಯದವರನ್ನೂ ಕೇಳಬಹುದು.

ಗಡಿಯಾಚೆಯ ಊರಿನ ವಿಷಯದಲ್ಲಿ ನನ್ನ ಸಲಹೆ ಸರಳವಾದದ್ದು. ಎರಡು ರಾಜ್ಯಗಳ ಯೋಜನೆಗಳನ್ನು ಒಂದು ಮಾಡಲು ಹೋಗಬೇಡಿ, ಅದು ನಿಮ್ಮ ಕೈಯಲ್ಲಿಲ್ಲ. ಅವರ ಗ್ರಾಮಸಭೆ ಅವರ ಅನುದಾನದಲ್ಲಿ, ನಿಮ್ಮ ಗ್ರಾಮಸಭೆ ನಿಮ್ಮ ಅನುದಾನದಲ್ಲಿ, ಆದರೆ ಒಂದೇ ನಕ್ಷೆ ಮತ್ತು ಒಂದೇ ವೇಳಾಪಟ್ಟಿಯಂತೆ ಕೆಲಸ ಮಾಡಲಿ. ಮೇಲಿನ ಊರಿನವರ ದಿಬ್ಬದ ಕೆಲಸ ಮೊದಲನೆಯ ಬೇಸಿಗೆಯಲ್ಲಿ ಮುಗಿಯಲಿ, ನಿಮ್ಮದು ಎರಡನೆಯದರಲ್ಲಿ.

ಉತ್ತರ: ಪುಂಡಿ ಸಾಲು (ಬೀದರ್ ತಾಲೂಕು)

ಅಣ್ಣನವರೆ, ನಮಸ್ಕಾರ. ಹಿರಿಯರು ಒಡ್ಡಿನ ಬಗ್ಗೆ ಹೇಳಿದ್ದನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ಒಡ್ಡಿನವರೆಗೆ ಬಂದ ನೀರು ಆಗಲೇ ಮಣ್ಣನ್ನು ಹೊತ್ತುಕೊಂಡೇ ಬಂದಿರುತ್ತದೆ. ಹನಿ ಬಿದ್ದ ಜಾಗದಲ್ಲಿಯೇ ಮಣ್ಣನ್ನು ಹಿಡಿದುಕೊಳ್ಳುವ ವಿಷಯದಲ್ಲಿ ನಮ್ಮ ಊರಿನ ಹೆಣ್ಣುಮಕ್ಕಳು ಹೇಳುವುದನ್ನು ಇಲ್ಲಿ ಬರೆಯುತ್ತೇನೆ.

ತೊಗರಿ ಆರಂಭದಲ್ಲಿ ಬಹಳ ನಿಧಾನವಾಗಿ ಬೆಳೆಯುವ ಬೆಳೆ. ಮೂರು ಅಡಿ ಅಂತರದ ಸಾಲಿನಲ್ಲಿ ಬಿತ್ತಿದರೆ ಮೊದಲ ಐವತ್ತು ಅರವತ್ತು ದಿನ ಸಾಲುಗಳ ನಡುವಿನ ನೆಲ ಬತ್ತಲೆಯಾಗಿಯೇ ಇರುತ್ತದೆ, ಜೋರು ಮಳೆಗಳು ಬರುವುದೂ ಅದೇ ದಿನಗಳಲ್ಲಿ. ನಮ್ಮ ಅತ್ತೆಯವರ ಕಾಲದಲ್ಲಿ ತೊಗರಿಯ ಸಾಲುಗಳ ನಡುವೆ ಹೆಸರು ಅಥವಾ ಉದ್ದು, ಅಲ್ಲಲ್ಲಿ ಎಳ್ಳು ಮತ್ತು ಗುರೆಳ್ಳು, ಅಂಚಿಗೆ ಪುಂಡಿ ಇರುತ್ತಿದ್ದವು. ಹೆಸರು ಎಪ್ಪತ್ತು ದಿನಗಳೊಳಗೆ ಕೈಗೆ ಬರುತ್ತದೆ, ಅಷ್ಟರಲ್ಲಿ ತೊಗರಿ ತಾನೇ ನೆಲ ಮುಚ್ಚುತ್ತದೆ. ಈಗ ಕಳೆನಾಶಕ ಹೊಡೆಯಲು ಅಡ್ಡಿಯಾಗುತ್ತದೆಂದು ಸಾಲಿನ ನಡುವಿನ ಬೆಳೆಯನ್ನೇ ಬಿಟ್ಟಿದ್ದೇವೆ. ವರ್ಷದ ಮೇಲೆ ವರ್ಷ ಅದೇ ಹೊಲದಲ್ಲಿ ತೊಗರಿಯನ್ನೇ ಬಿತ್ತುವುದರಿಂದ ನೆಟೆ ರೋಗವೂ ಮಣ್ಣಿನಲ್ಲಿ ಮನೆ ಮಾಡಿಕೊಂಡಿದೆ. 2022ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ತೊಗರಿ ಈ ರೋಗಕ್ಕೆ ಒಣಗಿದ್ದನ್ನು ಇಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. ಮೇಲಿನ ಹೊಲದ ಮಣ್ಣು ಕೆಳಗೆ ಹರಿದರೆ ರೋಗವೂ ಅದರ ಜೊತೆಗೇ ಇಳಿಯುತ್ತದೆ. ಹೀಗಾಗಿ ಜೋಳದೊಂದಿಗೆ ಬೆಳೆ ಬದಲಿಸುವುದೂ ನಾಲ್ಕು ಊರುಗಳ ಒಪ್ಪಂದದಲ್ಲಿಯೇ ಇರಬೇಕಾದ ವಿಷಯ.

ಬೀದರ್‌ನಿಂದ ಒಂದು ಗಂಟೆಯೊಳಗಿನ ದಾರಿಯಲ್ಲಿ, ತೆಲಂಗಾಣದ ಜಹೀರಾಬಾದಿನ ಸುತ್ತಲಿನ ಹಳ್ಳಿಗಳಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳಿವೆ. 1983ರಲ್ಲಿ ಆರಂಭವಾದ ಈ ಸಂಸ್ಥೆಯನ್ನು ಕಟ್ಟಿದವರಲ್ಲಿ ಮೈಸೂರಿನವರಾದ ಪಿ. ವಿ. ಸತೀಶ್ ಮುಖ್ಯರು, ಅವರು 2023ರಲ್ಲಿ ತೀರಿಕೊಂಡರು. 1990ರ ದಶಕದಲ್ಲಿ ಅಲ್ಲಿಯ ಬಡ ರೈತ ಮಹಿಳೆಯರು, ಹೆಚ್ಚಿನವರು ದಲಿತರು, ಪಾಳು ಬಿದ್ದ ಜಮೀನುಗಳನ್ನು ಉಳುಮೆಗೆ ತರಲು ಎಕರೆಗೆ ಇಷ್ಟೆಂದು ಸಾಲ ಕೊಟ್ಟು, ಆ ಸಾಲವನ್ನು ಹಣದಲ್ಲಿ ಕೇಳದೆ ಜೋಳದಲ್ಲಿ ಕಂತುಕಂತಾಗಿ ತೀರಿಸಿಕೊಂಡು, ಆ ಜೋಳವನ್ನು ಊರಿನ ಕಣಜದಲ್ಲಿಟ್ಟು ಬಡವರಿಗೆ ಕಡಿಮೆ ಬೆಲೆಗೆ ಹಂಚಿದರು. ಪಾಳು ನೆಲಕ್ಕೆ ಗೊಬ್ಬರ ಬಿತ್ತು, ಬಡವರ ಮನೆಗೆ ಕಾಳು ಬಂತು, ದನಗಳಿಗೆ ಕಣಕಿ ಸಿಕ್ಕಿತು. ಭೂಮಿ ಉಳಿಸುವ ಕೆಲಸವನ್ನು ಊಟದ ಜೊತೆ ಹೆಣೆದದ್ದರಿಂದ ಅದು ಬಾಳಿತು ಎಂಬುದು ನನ್ನ ಅಭಿಪ್ರಾಯ. ನಿಮ್ಮ ನಾಲ್ಕು ಊರುಗಳಿಂದ ಹತ್ತು ಜನ, ಅದರಲ್ಲಿ ಅರ್ಧದಷ್ಟಾದರೂ ಹೆಣ್ಣುಮಕ್ಕಳು, ಒಮ್ಮೆ ಅಲ್ಲಿಗೆ ಹೋಗಿ ಬನ್ನಿ.

ಇನ್ನೊಂದು ಮಾತು. ನೀವು 38 ಹೊಲಗಳನ್ನು ಎಣಿಸಿದಿರಿ. ಹೊಲವೇ ಇಲ್ಲದವರನ್ನು ಯಾರೂ ಎಣಿಸುವುದಿಲ್ಲ. ಒಡ್ಡಿನ ಮೇಲಿನ ಹುಲ್ಲನ್ನು ಕೊಯ್ಯುವವರು, ಹಳ್ಳದ ದಂಡೆಯಲ್ಲಿ ಆಡು ಮೇಯಿಸುವವರು, ಬೇಸಿಗೆಯಲ್ಲಿ ಕುರಿ ಹಿಂಡು ತಂದು ಹೊಲದಲ್ಲಿ ನಿಲ್ಲಿಸುವವರು ಇವರೇ. ಇವರನ್ನು ಕೇಳದೆ ಲಾವಂಚ ಹಚ್ಚಿದರೆ ಮುಂದಿನ ಸಂಕ್ರಾಂತಿಯ ಹೊತ್ತಿಗೆ ಅದರ ಬುಡವೂ ಉಳಿದಿರುವುದಿಲ್ಲ. ನಮ್ಮ ಊರಿನಲ್ಲಿ ನಾವು ಮಾಡಿದ್ದು ಹೀಗೆ: ಜಮೀನಿಲ್ಲದ ಒಂಬತ್ತು ಮನೆಗಳಿಗೆ ಒಡ್ಡುಗಳನ್ನು ಹಂಚಿಕೊಟ್ಟೆವು. ಆ ಒಡ್ಡಿನ ಹುಲ್ಲು ಅವರದ್ದೇ, ಬೇರೆ ಯಾರೂ ಕೊಯ್ಯುವಂತಿಲ್ಲ; ಪ್ರತಿಯಾಗಿ ಒಡ್ಡಿನಲ್ಲಿ ಇಲಿಬಿಲ ಅಥವಾ ಬಿರುಕು ಕಂಡರೆ ಅದೇ ದಿನ ಹೊಲದವರಿಗೆ ತಿಳಿಸಬೇಕು. ಮೊದಲ ವರ್ಷ ಇಬ್ಬರು ಹೊಲದವರು ಒಪ್ಪಲಿಲ್ಲ. ಎರಡನೆಯ ವರ್ಷ ಒಬ್ಬ ಅಜ್ಜಿ ಮಳೆಯಲ್ಲೇ ಓಡಿ ಬಂದು ಸುದ್ದಿ ಹೇಳಿದ್ದರಿಂದ ಅವರಲ್ಲೇ ಒಬ್ಬರ ಒಡ್ಡು ಉಳಿಯಿತು, ಆಮೇಲೆ ಅವರೂ ಸೇರಿದರು.

ಉತ್ತರ: ಕೊನೆಯ ತೂಬು (ಶಹಾಪುರ, ಯಾದಗಿರಿ ಜಿಲ್ಲೆ)

ನಮ್ಮದು ನೀರಾವರಿ ಸೀಮೆ, ನಾರಾಯಣಪುರ ಎಡದಂಡೆ ಕಾಲುವೆಯ ಕೊನೆಯ ಭಾಗ. ನಿಮ್ಮ ಕಷ್ಟ ನೀರಿನ ಓಟದ್ದು, ನಮ್ಮದು ನೀರಿನ ನಿಲುಗಡೆಯದು. ಆದರೂ ಎರಡರ ಮೂಲ ಒಂದೇ ಆಗಿ ಕಾಣುವುದರಿಂದ ಬರೆಯುತ್ತಿದ್ದೇನೆ.

ಈ ಕಾಲುವೆಯ ನೀರು ಜೋಳ, ಶೇಂಗಾ, ಹತ್ತಿ, ತೊಗರಿಯಂಥ ಮಿತ ನೀರಿನ ಬೆಳೆಗಳಿಗೆಂದು ಯೋಜಿಸಿದ್ದು. ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಅವರಿಗೆ ಹೆಚ್ಚಾದ ನೀರು ಬಸಿದು ನಮ್ಮ ಎರೆ ಹೊಲಗಳಲ್ಲಿ ನಿಂತಿತು. ನಮಗೆ ಬೇಕಾದ ಹೊತ್ತಿಗೆ ಕಾಲುವೆಯಲ್ಲಿ ನೀರು ಬರಲಿಲ್ಲ. ಜನವರಿಯಲ್ಲಿ ನಮ್ಮ ಹೊಲದ ತಗ್ಗಿನ ಭಾಗಕ್ಕೆ ಹೋದರೆ ಮಣ್ಣಿನ ಮೇಲೆ ಬಿಳಿಯ ಪೊರೆ ಕಾಣುತ್ತದೆ, ಕಾಲಿಟ್ಟರೆ ಹಪ್ಪಳದಂತೆ ಮುರಿಯುತ್ತದೆ. ಸವಳು ಜವಳು ಎಂದು ನಾವು ಕರೆಯುವುದು ಇದನ್ನೇ. ಬಸಿಗಾಲುವೆ ತೋಡದೆ ಇದು ಹೋಗುವುದಿಲ್ಲ. ಬಸಿಗಾಲುವೆ ಒಬ್ಬನ ಹೊಲದಲ್ಲಿ ಆರಂಭವಾಗಿ ಅದೇ ಹೊಲದಲ್ಲಿ ಮುಗಿಯುವಂಥದ್ದಲ್ಲ, ಅದು ಏಳೆಂಟು ಹೊಲ ದಾಟಿ ಹಳ್ಳ ಸೇರಬೇಕು. ನಮ್ಮ ನೀರು ಬಳಕೆದಾರರ ಸಹಕಾರ ಸಂಘದಲ್ಲಿ ಮೂರು ವರ್ಷ ಮಾತುಕತೆ ನಡೆದು, ನಡುವಿನ ಒಬ್ಬರು ಒಪ್ಪದೆ ಕೆಲಸ ನಿಂತಿತ್ತು. ಕೊನೆಗೆ ಅವರ ಹೊಲದ ಬದುವಿನ ಗುಂಟ ದಾರಿ ತಿರುಗಿಸಿ, ಅರವತ್ತು ಮೀಟರ್ ಹೆಚ್ಚು ತೋಡಿ ಮುಗಿಸಿದೆವು. ಒಪ್ಪದವರಿಗಾಗಿ ಕಾಯುತ್ತಾ ಕೂರುವುದಕ್ಕಿಂತ ಅವರನ್ನು ಬಳಸಿಕೊಂಡು ಹೋಗುವ ದಾರಿಯನ್ನು ಮೊದಲೇ ನಕ್ಷೆಯಲ್ಲಿ ಹಾಕಿಕೊಂಡಿರುವುದು ಒಳ್ಳೆಯದು.

ಉತ್ತರ: ತೊಗರಿ ಕಣಜ (ಕಲಬುರಗಿ)

ಸಂಘವೋ, ಸಹಕಾರಿಯೋ, ಉತ್ಪಾದಕ ಸಂಸ್ಥೆಯೋ ಎಂಬ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ನಾನು ಒಂದು ರೈತ ಉತ್ಪಾದಕ ಕಂಪನಿಯ ನಿರ್ದೇಶಕ ಮಂಡಳಿಯಲ್ಲಿ ಆರು ವರ್ಷಗಳಿಂದ ಇದ್ದೇನೆ.

ಹಳ್ಳದ ಕೆಲಸವನ್ನೂ ವ್ಯಾಪಾರವನ್ನೂ ಒಂದೇ ಸಂಸ್ಥೆಗೆ ಹೊರಿಸಬೇಡಿ. ಕಂಪನಿಯ ಲೆಕ್ಕಪತ್ರ, ವಾರ್ಷಿಕ ವರದಿ, ಲೆಕ್ಕ ಪರಿಶೋಧನೆಯ ಭಾರವೇ ಸಾಕಷ್ಟಿರುತ್ತದೆ. ತೊಗರಿಯ ದರ ಕುಸಿದ ವರ್ಷ ಸದಸ್ಯರು ಮುನಿಸಿಕೊಂಡರೆ ಒಡ್ಡಿನ ಕೆಲಸವೂ ಅದರೊಂದಿಗೆ ನಿಂತುಹೋಗುತ್ತದೆ. ಹಳ್ಳಕ್ಕೆ ಪ್ರತ್ಯೇಕವಾದ ಸಣ್ಣ ಸಂಘವಿರಲಿ, ಅದನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಬಹುದು. ಸಹಕಾರಿ ಮಾಡಿ ಗಡಿಯಾಚೆಯವರನ್ನೂ ಸದಸ್ಯರನ್ನಾಗಿ ಸೇರಿಸಲು ಹೋದರೆ 2002ರ ಬಹುರಾಜ್ಯ ಸಹಕಾರ ಸಂಘಗಳ ಕಾಯ್ದೆಯ ಕೆಳಗೆ ಬರಬೇಕಾಗುತ್ತದೆ, ನಾಲ್ಕು ಊರಿಗೆ ಅದು ಭಾರವಾದ ಅಂಗಿ. ಉತ್ಪಾದಕ ಕಂಪನಿಗೆ ಆ ತೊಡಕಿಲ್ಲ. ಅದು ಕಂಪನಿ ಕಾಯ್ದೆಯಡಿ ಇರುವುದರಿಂದ ಉಮರ್ಗಾದ ರೈತರೂ ಷೇರು ತೆಗೆದುಕೊಳ್ಳಬಹುದು. 2020ರ ಕೇಂದ್ರ ಯೋಜನೆಯಲ್ಲಿ ರೈತರು ಹಾಕಿದ ಷೇರು ಹಣಕ್ಕೆ ಸಮನಾಗಿ ಪ್ರತಿ ಸದಸ್ಯರಿಗೆ 2,000 ರೂಪಾಯಿವರೆಗೆ, ಒಂದು ಸಂಸ್ಥೆಗೆ 15 ಲಕ್ಷದ ಮಿತಿಯಲ್ಲಿ ಅನುದಾನವಿತ್ತು. ಅಂಥ ಅನುದಾನ ಸಿಕ್ಕರೆ ಸಂತೋಷ, ಆದರೆ ಅದನ್ನು ನೋಡಿಕೊಂಡು ಸಂಸ್ಥೆ ಕಟ್ಟಬೇಡಿ. ಅನುದಾನ ಮುಗಿದ ದಿನ ಬಾಗಿಲು ಹಾಕಿದ ಕಂಪನಿಗಳನ್ನು ನಾನು ಕಂಡಿದ್ದೇನೆ.

ಎರಡನ್ನೂ ಜೋಡಿಸುವ ಕೊಂಡಿ ಒಂದೇ ಇರಲಿ. ನಮ್ಮ ಕಂಪನಿಯ ಮೂಲಕ ಮಾರಾಟವಾದ ತೊಗರಿಯ ಪ್ರತಿ ಕ್ವಿಂಟಲಿಗೆ 20 ರೂಪಾಯಿಯನ್ನು ಒಡ್ಡಿನ ನಿಧಿಗೆ ತೆಗೆದಿಡುತ್ತೇವೆ. ಮೊತ್ತ ದೊಡ್ಡದಲ್ಲ, ಆದರೆ ಮೇ ತಿಂಗಳಲ್ಲಿ ಗರಸು ತರಿಸಲು ಯಾರ ಮುಂದೆಯೂ ಕೈಯೊಡ್ಡಬೇಕಾಗಿಲ್ಲ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ, ನಮ್ಮ ನೆರೆಯ ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಈ ಬೇಳೆಯ ರುಚಿಗೂ ಬೇಗ ಬೇಯುವ ಗುಣಕ್ಕೂ ಇಲ್ಲಿಯ ಮಣ್ಣೇ ಕಾರಣ ಎಂದು ನಾವು ಚೀಲದ ಮೇಲೆ ಮುದ್ರಿಸುತ್ತೇವೆ. ಹಾಗೆ ಮುದ್ರಿಸಿದ ಮೇಲೆ ಆ ಮಣ್ಣಿನ ಖರ್ಚನ್ನು ಚೀಲದ ಬೆಲೆಯಿಂದಲೇ ತೆಗೆಯಬೇಕು ಎಂಬುದು ನನ್ನ ದೃಢವಾದ ನಂಬಿಕೆ.

ಪ್ರಶ್ನೆ ಕೇಳಿದವರು: ಅಮರ್ಜಾ ದಂಡೆ

ಹಿರಿಯರಿಗೂ, ಅಕ್ಕನವರಿಗೂ, ಶಹಾಪುರ ಮತ್ತು ಕಲಬುರಗಿಯ ಅಣ್ಣಂದಿರಿಗೂ ಶರಣು. ನಿನ್ನೆ ಈ ಉತ್ತರಗಳನ್ನು ಮನೆಯಲ್ಲಿ ಓದಿ ಹೇಳಿದೆ. ಇಳುಕಲು ಒಡ್ಡಿನ ವಿಷಯ ಬಂದಾಗ ತಂದೆಯವರು ಎದ್ದು, ಮೇಲಿನ ಹೊಲದ ಕಾಕಾನವರ ಮನೆಗೆ ತಾವೇ ಹೋದರು. ಆಗಸ್ಟಿನ ನಂತರ ಆ ಎರಡು ಮನೆಗಳ ನಡುವೆ ಮಾತಿರಲಿಲ್ಲ. ತಮ್ಮ ಹೊಲದ ಉತ್ತರದ ಮೂಲೆಯಲ್ಲಿ ಕೋಡಿ ಇಟ್ಟು ನಮ್ಮ ಬದುವಿನ ಗುಂಟ ನೀರು ಬಿಡಬಹುದಾದರೆ ತಾವು ಇನ್ನು ಒಡ್ಡು ಕಡಿಯುವುದಿಲ್ಲ ಎಂದು ಕಾಕಾ ಹೇಳಿದ್ದಾರೆ. ನೀರಿನ ದಾರಿಗೆ ನಮ್ಮ ಕಡೆಯಿಂದ ಒಂದೂವರೆ ಗುಂಟೆ ಹೋಗುತ್ತದೆ, ಅದನ್ನು ಬಿಟ್ಟುಕೊಡಲು ನಾವು ಸಿದ್ಧರಿದ್ದೇವೆ.

ಆದರೆ ಲಾವಣಿಯ 13 ಹೊಲಗಳ ಬಗ್ಗೆ ಯಾರೂ ಬರೆಯಲಿಲ್ಲ. ಕಾಕಾನವರ ಪಕ್ಕದ ಹೊಲವೇ ಲಾವಣಿಯದು. ಅಲ್ಲಿ ಈ ವರ್ಷ ಮಾಡುತ್ತಿರುವವರು, "ಮುಂದಿನ ವರ್ಷ ಈ ಹೊಲ ನನಗೆ ಸಿಗುವ ಭರವಸೆಯೇ ಇಲ್ಲದಿರುವಾಗ ನಾನೇಕೆ ಒಡ್ಡಿಗೆ ದುಡಿಯಲಿ?" ಎಂದು ಕೇಳುತ್ತಾರೆ. ಅವರ ಮಾತಿಗೆ ನನ್ನಲ್ಲಿ ಉತ್ತರವಿಲ್ಲ.

ಉತ್ತರ: ಹಳೆಯ ಮಟ್ಟಗೋಲು (ಭಾಲ್ಕಿ)

ತಂದೆಯವರು ಹೋಗಿ ಮಾತನಾಡಿದ್ದು ಕೇಳಿ ಬಹಳ ಸಂತೋಷವಾಯಿತು.

ಲಾವಣಿಯ ಕಷ್ಟ ಕಾನೂನಿನಿಂದಲೇ ಬಂದದ್ದು. ಉಳುವವನಿಗೆ ಭೂಮಿ ಸಿಗಲೆಂದು 1974ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಮಾಡಿದ ಮೇಲೆ, ಸೈನಿಕರಂಥ ಕೆಲವರ ವಿನಾಯಿತಿ ಬಿಟ್ಟರೆ, ನಮ್ಮ ರಾಜ್ಯದಲ್ಲಿ ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೆ ಅವಕಾಶವಿಲ್ಲ. ಆ ಕಾಯ್ದೆಯಿಂದ ಸಾವಿರಾರು ಕುಟುಂಬಗಳಿಗೆ ಜಮೀನು ಬಂದಿದೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಈಗ ನಡೆಯುವ ಲಾವಣಿಯೆಲ್ಲ ಬಾಯಿಮಾತಿನದು, ವರ್ಷದ ಮಟ್ಟಿನದು. ಒಡೆಯನಿಗೆ ಜಮೀನು ಕೈಬಿಟ್ಟು ಹೋದೀತೆಂಬ ಭಯ, ಮಾಡುವವನಿಗೆ ಯುಗಾದಿಗೆ ಬಿಡಬೇಕಾದೀತೆಂಬ ಭಯ. ಇಬ್ಬರ ಭಯದ ನಡುವೆ ಒಡ್ಡು ಅನಾಥವಾಗಿದೆ.

ಆದ್ದರಿಂದ ಒಡ್ಡಿನ ಒಪ್ಪಂದವನ್ನು ಒಡೆಯರ ಜೊತೆಗೇ ಮಾಡಿಕೊಳ್ಳಿ. ಕೋಡಿಯ ಜಾಗಕ್ಕೆ ಒಪ್ಪಿಗೆ, ಒಡ್ಡಿನ ಖರ್ಚಿನ ಪಾಲು ಎರಡೂ ಅವರಿಂದ ಬರಬೇಕು. ಪುಣೆಯಲ್ಲಿದ್ದರೂ ಜಾತ್ರೆಗೆ ಊರಿಗೆ ಬಂದೇ ಬರುತ್ತಾರೆ, ಆಗ ಕೂರಿಸಿ ಮಾತನಾಡಿ. ಹೊಲ ಮಾಡುತ್ತಿರುವವರಿಂದ ಬಿಟ್ಟಿ ದುಡಿಮೆ ಕೇಳಬೇಡಿ. ಅವರು ಒಡ್ಡಿಗೆ ದುಡಿದ ದಿನಗಳಿಗೆ ನಿಧಿಯಿಂದ ಕೂಲಿ ಕೊಡಿ. ಬೀದರ್‌ನ ತಂಗಿ ಹೇಳಿದ ಹುಲ್ಲಿನ ಹಕ್ಕನ್ನು ಈ 13 ಹೊಲಗಳಲ್ಲಿ ಮೊದಲು ಜಾರಿಗೆ ತನ್ನಿ, ಏಕೆಂದರೆ ಹೊಲ ಮಾಡುವವರು ಬದಲಾದರೂ ಹುಲ್ಲು ಕೊಯ್ಯುವ ಮನೆಯವರು ಊರಿನಲ್ಲಿಯೇ ಇರುತ್ತಾರೆ, ಒಡ್ಡಿನ ಮೇಲೆ ಅವರ ಕಣ್ಣಿರುತ್ತದೆ.

ತೊಗರಿ ರಾಶಿ ಮುಗಿದ ಮೇಲೆ, ಹೊಲ ಖಾಲಿಯಾದಾಗ, ಒಂದು ಭಾನುವಾರ ಮೇಲಿನ ಊರಿನ ದಿಬ್ಬದಿಂದ ಅಮರ್ಜಾದವರೆಗೆ ಎಲ್ಲರೂ ಸೇರಿ ನಡೆಯಿರಿ. ಇಪ್ಪತ್ತು ಮೀಟರಿನ ಪಾರದರ್ಶಕ ಪೈಪು, ಎರಡು ಅಳತೆಯ ಕೋಲು, ಒಂದು ಚೀಲ ಸುಣ್ಣ, ಗ್ರಾಮ ನಕ್ಷೆ ಜೊತೆಗಿರಲಿ. ಪೈಪಿನಲ್ಲಿ ನೀರು ತುಂಬಿ ಮಟ್ಟ ಹಿಡಿಯುವುದನ್ನು ಹತ್ತನೆಯ ತರಗತಿಯ ಹುಡುಗರೂ ಅರ್ಧ ದಿನದಲ್ಲಿ ಕಲಿಯುತ್ತಾರೆ. ದಿನ ಗೊತ್ತಾದ ಮೇಲೆ ಇಲ್ಲಿ ಬರೆಯಿರಿ, ಮೊಣಕಾಲು ನೋವಿದ್ದರೂ ನಾನು ಬರುತ್ತೇನೆ.

ಪ್ರಶ್ನೆ ಕೇಳಿದವರು: ಅಮರ್ಜಾ ದಂಡೆ

ಹಿರಿಯರೆ, ಸಂಕ್ರಾಂತಿಯ ನಂತರದ ಎರಡನೆಯ ಭಾನುವಾರ ಎಂದು ನಮ್ಮ ಕಡೆಯ ಮೂರು ಊರಿನವರು ಒಪ್ಪಿದ್ದಾರೆ. ಗಡಿಯಾಚೆಯ ಊರಿಗೆ ಕಾಕಾನವರ ಮಗಳನ್ನು ಮದುವೆ ಮಾಡಿ ಕೊಟ್ಟಿದೆ, ಅವರ ಅಳಿಯನ ಮೂಲಕ ಅಲ್ಲಿಯ ಸರಪಂಚರಿಗೆ ಮರಾಠಿಯಲ್ಲಿ ಪತ್ರ ಕಳುಹಿಸಿದ್ದೇವೆ. ಬೆಳಿಗ್ಗೆ ಏಳಕ್ಕೆ ದಿಬ್ಬದ ಮೇಲೆ ಸೇರುವುದು, ಮಧ್ಯಾಹ್ನ ನಮ್ಮ ಹೊಲದಲ್ಲಿ ರೊಟ್ಟಿ, ಪುಂಡಿ ಪಲ್ಯ. ಆಳಂದ ಬಸ್ ನಿಲ್ದಾಣದಿಂದ ನಿಮ್ಮನ್ನು ಕರೆದುಕೊಂಡು ಬರಲು ನಾನೇ ಬರುತ್ತೇನೆ. ನಡೆಯಲು ಕಷ್ಟವಾದರೆ ಎತ್ತಿನ ಗಾಡಿ ಹಳ್ಳದ ಗುಂಟ ಬರುತ್ತದೆ.